ಕಾಳಿಗೆ ಎರಡು ಖಂಡುಗ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರಿಗೆ ಮದ್ದೂರು ಅಂದ್ರೆ ವಡೆ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಅದಕ್ಕೂ ಕುತ್ತು, ಊರನ್ನು ಪಕ್ಕಕ್ಕೆ ಬಿಟ್ಟು ಭರ್ರಂತ ಹಾದುಹೋಗಿಬಿಡ್ತೀವಿ. ಆ ಮದ್ದೂರು ತಾಲೂಕಿನಲ್ಲಿ ಆತಕೂರು ಅಂತ ಒಂದು ಹಳ್ಳಿ ಇದೆ. ಸಾವಿರದ ಎಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಆ ಊರಿನ ಶಿವನ ಗುಡಿ ಮುಂದೆ ಒಂದು ಕಲ್ಲು ನೆಟ್ಟರು. ನೆಟ್ಟಿದ್ದು ಒಂದು ನಾಯಿಗೆ. ಅದರ ಹೆಸರು ಕಾಳಿ.

ಹೆಸರು ನಾನು ಇಟ್ಟಿದ್ದಲ್ಲ, ಕಲ್ಲಿನಲ್ಲೇ ಇದೆ. ಅದು ಯಾರ ನಾಯಿ, ಅವನ ಕೈಗೆ ಹೇಗೆ ಬಂತು, ಯಾವ ಊರಿನ ಯಾವ ದಿಕ್ಕಿನ ಗುಡ್ಡದಲ್ಲಿ ಸತ್ತಿತು ಅನ್ನೋದೂ ಇದೆ. ನಮ್ಮ ಮುತ್ತಜ್ಜ ಎಲ್ಲಿ ಸತ್ತರು ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಜನಕ್ಕೆ ಇಷ್ಟು ಖಚಿತವಾಗಿ ಹೇಳೋಕಾಗುತ್ತೆ?

ನಾಯಿಯ ನಿಷ್ಠೆ ಅಂದ ಕೂಡಲೇ ನಮ್ಮ ತಲೆಮಾರಿಗೆ ನೆನಪಾಗೋದು ಜಪಾನಿನ ಹಾಚಿಕೊ. ಸತ್ತುಹೋದ ಯಜಮಾನನಿಗಾಗಿ ಟೋಕಿಯೊದ ಶಿಬುಯಾ ಸ್ಟೇಷನ್ನಿನಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಕಾದ ನಾಯಿ. 1934ರಲ್ಲಿ ಅದಕ್ಕೆ ಪ್ರತಿಮೆ ನಿಲ್ಲಿಸಿದರು, ಮರುವರ್ಷ ಅದು ಸತ್ತಿತು. ಇನ್ನು ಸ್ವಲ್ಪ ಓದಿಕೊಂಡವರು ಎಡಿನ್‌ಬರೋದ ಗ್ರೇಫ್ರಯರ್ಸ್ ಬಾಬಿ ಹೆಸರು ಹೇಳ್ತಾರೆ, ಅದರ ಪ್ರತಿಮೆ 1873ರದ್ದು. ಕಾಳಿಯ ಕಲ್ಲು ಬಾಬಿಗಿಂತ ಒಂಬತ್ತು ನೂರು ವರ್ಷ ಹಳೆಯದು. ಅದು ಇರೋದು ನಾವು ಓದಬಲ್ಲ, ಕಡೇಪಕ್ಷ ತಡವರಿಸಿಕೊಂಡಾದರೂ ಓದಬಲ್ಲ ಭಾಷೆಯಲ್ಲಿ. ಆದರೂ ಶಿಬುಯಾದಲ್ಲಿ ಸೆಲ್ಫಿ ತಗೊಂಡ ಬೆಂಗಳೂರಿನವರು ನನಗೆ ಸುಮಾರು ಜನ ಗೊತ್ತು, ಆತಕೂರಿನ ಕಲ್ಲು ನೋಡಿದೀನಿ ಅಂದವರು ಬೆರಳೆಣಿಕೆ.

ಇರಲಿ. ಕಥೆಗೆ ಬರೋಣ. ಇದು ನಾಯಿಯ ಕಥೆ ಹೌದು, ಆದರೆ ಶುರುವಾಗೋದು ಮನುಷ್ಯರ ಮನೆ ಜಗಳದಿಂದ.

ಹತ್ತನೆಯ ಶತಮಾನದ ನಡುಭಾಗ. ಕನ್ನಡನಾಡಿನ ದೊಡ್ಡ ದೊರೆ ರಾಷ್ಟ್ರಕೂಟರ ಮೂರನೆಯ ಕೃಷ್ಣ. ಶಾಸನಗಳು ಅವನನ್ನು ಕನ್ನರದೇವ ಅಂತ ಕರೆಯುತ್ತವೆ. ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ದಕ್ಷಿಣದಲ್ಲಿ, ನಮ್ಮ ಬೆಂಗಳೂರು, ಮಂಡ್ಯ, ಮೈಸೂರು ಸೀಮೆಯಲ್ಲಿ, ಗಂಗರು. ಗಂಗರ ಸಿಂಹಾಸನದ ಮೇಲೆ ಕೂತಿದ್ದವನು ರಾಚಮಲ್ಲ. ಅವನ ತಮ್ಮ ಇಮ್ಮಡಿ ಬೂತುಗ. ಬೂತುಗ ಮದುವೆಯಾಗಿದ್ದು ರಾಷ್ಟ್ರಕೂಟರ ಮಗಳು ರೇವಕ್ಕನನ್ನು, ಅಂದರೆ ಕನ್ನರದೇವ ಅವನಿಗೆ ಭಾವಮೈದುನ. ಮಾವನ ಮನೆಯ ಬಲ ಬೆನ್ನಿಗಿತ್ತು. ಬೂತುಗ ತನ್ನ ಅಣ್ಣನೊಡನೆ ಕಾದಿ, ಅವನನ್ನು ಕೊಂದು, ಗಂಗವಾಡಿ ತೊಂಬತ್ತಾರು ಸಾಸಿರಕ್ಕೆ ಒಡೆಯನಾದ. ಇದನ್ನೂ ಆತಕೂರಿನ ಅದೇ ಕಲ್ಲು ಹೇಳುತ್ತೆ. ಮುಚ್ಚುಮರೆ ಏನಿಲ್ಲ, ರಾಚಮಲ್ಲನನ್ನು ಕೊಂದು ಆಳುತ್ತಿದ್ದ ಅಂತ ನೇರವಾಗೇ ಬರೆಸಿದ್ದಾರೆ.

ಆಮೇಲೆ ಬಂತು ಚೋಳರ ಮೇಲಿನ ಯುದ್ಧ. ಚೋಳ ದೊರೆ ಪರಾಂತಕನ ಹಿರಿಮಗ ರಾಜಾದಿತ್ಯ ಒಂದು ಕಡೆ, ಕನ್ನರದೇವ ಮತ್ತು ಬೂತುಗ ಇನ್ನೊಂದು ಕಡೆ. ಯುದ್ಧ ನಡೆದದ್ದು ತಕ್ಕೋಲಂನಲ್ಲಿ, ಚೆನ್ನೈ ರೈಲಿನಲ್ಲಿ ಹೋಗುವಾಗ ಅರಕ್ಕೋಣಂ ಬರುತ್ತಲ್ಲ, ಅದರ ಹತ್ತಿರ. ಆ ಯುದ್ಧದಲ್ಲಿ ರಾಜಾದಿತ್ಯ ಸತ್ತ. ಹೇಗೆ ಸತ್ತ ಅನ್ನೋದಕ್ಕೆ ಎರಡು ಉತ್ತರ ಇದೆ. ಚೋಳರ ತಾಮ್ರಶಾಸನದ ಪ್ರಕಾರ, ನೆದರ್ಲೆಂಡ್ಸ್‌ನ ಲೈಡನ್ ಸೇರಿದ್ದಕ್ಕೆ ಅದೇ ಹೆಸರು ಬಂದ ಶಾಸನ ಅದು, ಆನೆಯ ಮೇಲೆ ಕೂತಿದ್ದ ರಾಜಕುಮಾರನ ಎದೆಯನ್ನು ಕೃಷ್ಣನ ಬಾಣಗಳು ಸೀಳಿದವು, ಅವನು ವೀರಸ್ವರ್ಗ ಸೇರಿದ. ಆತಕೂರಿನ ಕಲ್ಲಿನ ಪ್ರಕಾರ ಕೊಂದವನು ಬೂತುಗ, ಕೊಂದದ್ದು ಸುರಗಿಯಲ್ಲಿ ಇರಿದು. ಅಲ್ಲಿನ ಒಂದು ಪದವನ್ನು ಮೋಸದಿಂದ ಇರಿದ ಅಂತ ಓದಿದವರೂ ಇದ್ದಾರೆ, ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಇರಿದ ಅಂತ ಓದಿದವರೂ ಇದ್ದಾರೆ. ವಿದ್ವಾಂಸರ ಜಗಳ ನಿಂತಿದ್ದು ಒಂದು ಅಕ್ಷರ ಒತ್ತೋ ಒಂಟಿಯೋ ಅನ್ನೋದರ ಮೇಲೆ. ಕಳ್ಳನೋ, ಕಳನೋ! ಒಬ್ಬ ಮನುಷ್ಯನ ಮಾನ ಸಾವಿರ ವರ್ಷ ಆದ ಮೇಲೂ ಒಂದು ಒತ್ತಕ್ಷರಕ್ಕೆ ಜೋತುಬಿದ್ದಿರುತ್ತೆ ನೋಡಿ.

ಗೆದ್ದ ಮೇಲೆ ಹಂಚಿಕೆ. ಕನ್ನರದೇವ ಮೆಚ್ಚಿ ಬೂತುಗನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಕೊಟ್ಟ. ಇವೆಲ್ಲ ನಾಡುಗಳು. ಈಗಿನ ಲೆಕ್ಕದಲ್ಲಿ ಶಿರಸಿ, ಗದಗ, ಲಕ್ಷ್ಮೇಶ್ವರ, ಪಟ್ಟದಕಲ್ಲು, ಬಾಗಲಕೋಟೆ ಸೀಮೆ ಅಂತಿಟ್ಟುಕೊಳ್ಳಿ. ಬೂತುಗನ ಕೈಕೆಳಗೆ ಮಣಲೆರ ಅಂತ ಒಬ್ಬ ಇದ್ದ, ಸಗರ ವಂಶದವನು. ಯುದ್ಧದಲ್ಲಿ ಒಡೆಯನ ಮುಂದೆ ನಿಂತು ಹೊಡೆದಾಡಿದವನು. ಅವನಿಗೆ ಬೂತುಗ ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದು ಊರನ್ನು ಬಾಳ್ಗಚ್ಚು ಅಂತ ಕೊಟ್ಟ. ಬಾಳ್ ಅಂದರೆ ಕತ್ತಿ, ಕಚ್ಚು ಅಂದರೆ ತೊಳೆಯೋದು. ರಕ್ತ ಹತ್ತಿದ ಕತ್ತಿ ತೊಳೆದು ಕೊಡುವ ಉಂಬಳಿ. ಎಂಥಾ ಪದ!

ಇಷ್ಟರವರೆಗೆ ಇದು ನಾವು ಸ್ಕೂಲಲ್ಲಿ ಓದಿದ ಚರಿತ್ರೆಯ ಹಾಗೇ ಇದೆ. ಅವನು ಇವನನ್ನು ಕೊಂದ, ಇವನು ಅವನಿಗೆ ಕೊಟ್ಟ. ಆದರೆ ಕಲ್ಲು ಇನ್ನೊಂದು ವಿಷಯ ಹೇಳುತ್ತೆ. ಮೆಚ್ಚಿದ ಒಡೆಯ ಮಣಲೆರನಿಗೆ, ಏನು ಬೇಕೋ ಬೇಡಿಕೋ ಅಂದ. ಮಣಲೆರ ಬೇಡಿದ್ದು ನಾಯಿ. ಕಾಳಿಯನ್ನು ದಯಪಾಲಿಸಿ ಅಂದ.

ಒಂದು ನಿಮಿಷ ಆ ಜಾಗದಲ್ಲಿ ನಿಂತು ನೋಡಿ. ಕಂಪನಿಗೆ ಆ ವರ್ಷದ ಅತಿ ದೊಡ್ಡ ಡೀಲ್ ಬಂದಿದೆ, ತಂದವರು ನೀವು. ಬಾಸ್ ಕರೆದು, ಏನು ಬೇಕು ಕೇಳಪ್ಪ ಅಂತಾರೆ. ಬೋನಸ್ಸು, ಪ್ರಮೋಷನ್ನು, ವಿದೇಶದ ಪೋಸ್ಟಿಂಗು ಎಲ್ಲಾ ಬಾಯಿ ತುದಿಯಲ್ಲಿರೋ ಗಳಿಗೆ ಅದು. ನೀವು, ಸಾರ್, ನಿಮ್ಮ ಮನೆ ಕರಿ ನಾಯಿ ಇದೆಯಲ್ಲ, ಅದನ್ನ ಕೊಟ್ಬಿಡಿ ಅಂತೀರಾ? ಅಣ್ಣನನ್ನೇ ಕೊಂದು ರಾಜ್ಯ ತಗೊಂಡವರ ಮಧ್ಯೆ, ನಾಡಿಗೆ ನಾಡನ್ನೇ ಹಂಚಿಕೊಳ್ಳುತ್ತಿದ್ದವರ ಮಧ್ಯೆ, ಒಬ್ಬನ ಕಣ್ಣು ನಾಯಿಯ ಮೇಲಿತ್ತು. ಅವನು ಅದನ್ನು ಮೊದಲಿಂದಲೂ ನೋಡುತ್ತಿದ್ದಿರಬೇಕು. ದಂಡಿನಲ್ಲಿ, ಬೇಟೆಯಲ್ಲಿ, ಬಿಡಾರದ ಬೆಂಕಿಯ ಪಕ್ಕ. ನಾಯಿ ಸಾಕಿದವರಿಗೆ ಗೊತ್ತು, ಈ ಥರದ ಆಸೆ ಒಂದೇ ದಿನದಲ್ಲಿ ಹುಟ್ಟೋದಲ್ಲ.

ಕಾಳಿ ಮಣಲೆರನ ಜೊತೆ ಬಂತು. ಕೆಳಲೆ ನಾಡಿನ ಬೆಳತೂರು, ಅದರ ಪಡುವಣ ದಿಕ್ಕಿನ ಮೊರಡಿ. ಅಲ್ಲಿ ಒಂದು ಭಾರಿ ಹಂದಿ ಸಿಕ್ಕಿತು, ಕಾಳಿಯನ್ನು ಅದರ ಮೇಲೆ ಬಿಟ್ಟರು. ಮಂಡ್ಯ, ರಾಮನಗರ ಕಡೆ ರಾತ್ರಿ ಕಬ್ಬಿನ ಗದ್ದೆ, ಜೋಳದ ಹೊಲ ಕಾಯುವವರನ್ನು ಕೇಳಿ, ಒಂಟಿ ಸಲಗ ಹಂದಿ ಅಂದ್ರೆ ಏನು ಅಂತ ಹೇಳ್ತಾರೆ. ಅದರ ಕೋರೆ ಹೊಟ್ಟೆ ಬಗೆಯೋಕೆ ಒಂದು ತಿವಿತ ಸಾಕು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು ಅಂತ ಶಾಸನ ಹೇಳುತ್ತೆ. ಅಷ್ಟೇ. ವರ್ಣನೆ ಇಲ್ಲ, ಅಲಂಕಾರ ಇಲ್ಲ.

ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಅದರ ಮೇಲೆ ನಾಯಿಯೂ ಹಂದಿಯೂ ಮೈಮೇಲೆ ಬಿದ್ದು ಕಾದಾಡುವ ಚಿತ್ರ ಕೆತ್ತಿಸಿದ. ಸಾಮಾನ್ಯವಾಗಿ ವೀರಗಲ್ಲು ಅಂದರೆ ಮೂರು ಅಂತಸ್ತು. ಕೆಳಗೆ ಹೋರಾಟ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತ ವೀರ. ತುರು ಕಾಯಲು ಸತ್ತವರು, ಊರು ಉಳಿಸಲು ಸತ್ತವರು, ಬೇಟೆಯಲ್ಲಿ ಸತ್ತವರು, ಹೀಗೆ ನಮ್ಮ ನಾಡಿನ ಕೆರೆ ಏರಿ, ಗುಡಿ ಅಂಗಳ, ಹೊಲದ ಬದು ಎಲ್ಲೆಲ್ಲೂ ಇವೆ ಇಂಥ ಕಲ್ಲುಗಳು. ಬೆಂಗಳೂರು ಅನ್ನೋ ಹೆಸರು ಮೊದಮೊದಲು ಸಿಗೋದೂ ಬೇಗೂರಿನ ಒಂದು ವೀರಗಲ್ಲಿನಲ್ಲೇ. ಆ ಸಾಲಿನಲ್ಲಿ ಕಾಳಿಯ ಕಲ್ಲು ನಿಂತಿದೆ.

ಬರೀ ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳಲಿಲ್ಲ. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಖಂಡುಗ ಅನ್ನೋದು ಧಾನ್ಯದ ಅಳತೆ. ಅಷ್ಟು ಬೀಜ ಬಿತ್ತಬಹುದಾದ ನೆಲಕ್ಕೂ ಅದೇ ಹೆಸರು. ಕೆರೆ ಕೆಳಗಿನ ಗದ್ದೆ ಅಂದರೆ ಊರಿಗೇ ಉತ್ತಮವಾದ ನೆಲ ಅಂತ ಮಂಡ್ಯ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗುಡಿ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ದಿನಾ ಈ ಕಲ್ಲನ್ನು ಪೂಜಿಸಿ ಆಮೇಲೆ ಊಟ ಮಾಡಬೇಕು. ಪೂಜಿಸದೆ ಉಂಡರೆ, ಅಥವಾ ಯಾರಾದರೂ ಆ ಭೂಮಿಯನ್ನು ಹಾಳು ಮಾಡಿದರೆ, ಆ ನಾಯಿಯ ಪಾಪ ಅವರಿಗೆ ತಟ್ಟಲಿ ಅಂತ ಶಾಪ.

ಈ ಶಾಪದ ಮುಂದೆ ನಾನು ತುಂಬಾ ಹೊತ್ತು ನಿಂತಿದೀನಿ. ನಮ್ಮ ಶಾಸನಗಳ ಶಾಪ ಸಾಮಾನ್ಯವಾಗಿ ಒಂದೇ ಅಚ್ಚಿನವು. ಈ ದಾನ ಅಳಿದವನು ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗಲಿ, ಬ್ರಾಹ್ಮಣರನ್ನು ಕೊಂದ ಪಾಪಕ್ಕೆ ಹೋಗಲಿ, ಹೀಗೆ. ಇಲ್ಲಿ ಕಾಶಿ ಇಲ್ಲ, ಹಸು ಇಲ್ಲ. ನಾಯಿ ಗೆಯ್ದ ಪಾಪ. ನಾಯಿ ಮಾಡಿದ ಪಾಪ ಅಂತ ನೇರ ಅರ್ಥ. ಬದುಕೆಲ್ಲ ಬೇಟೆಯಾಡಿ ಕೊಂದ ನಾಯಿಯ ತಲೆ ಮೇಲೆ ಪಾಪದ ಹೊರೆ ಇದ್ದೇ ಇರುತ್ತೆ, ಆ ಹೊರೆ ಇವನ ಪಾಲಿಗೆ ಬರಲಿ ಅಂತ. ನನಗೆ ಅನ್ನಿಸೋದು, ಇದರ ಒಳಗೆ ಇನ್ನೊಂದು ಆಸೆಯೂ ಅಡಗಿದೆ. ಪಾಪ ಬೇರೆಯವರಿಗೆ ಹೋದರೆ ನಾಯಿ ಹಗುರವಾಗುತ್ತೆ ಅಲ್ವಾ? ಕಾಳಿಯ ಲೆಕ್ಕ ಯಾರಾದರೂ ತೀರಿಸಲಿ ಅಂತ ಒಬ್ಬ ಯೋಧ ಬಯಸಿದ್ದ ಅಂತ ಇದನ್ನು ಓದಿಕೊಳ್ಳೋದು ನನಗಿಷ್ಟ.

ನಾನು ಈ ಶಾಸನದ ಹಿಂದೆ ಬಿದ್ದಿದ್ದು ನಮ್ಮ ಮನೆಯ ಒಂದು ಜಗಳದಿಂದ.

ನಮ್ಮ ಮನೇಲಿ ಹನ್ನೆರಡು ವರ್ಷ ಒಂದು ಕಪ್ಪು ನಾಯಿ ಇತ್ತು. ರಸ್ತೆಯಿಂದ ತಂದ ಮರಿ. ನನ್ನ ತಂಗಿ ಶ್ಯಾಡೋ ಅಂತ ಹೆಸರಿಡೋಣ ಅಂದಳು. ಅಪ್ಪ, ಮಳವಳ್ಳಿ ಕಡೆಯವರು, "ಶ್ಯಾಡೋನೂ ಬೇಡ ಗೀಡೋನೂ ಬೇಡ, ಕರಿಯ ಅನ್ನು, ತಿರುಗಿ ನೋಡ್ತದೆ" ಅಂದರು. ಹೌದು, ಕರಿಯ ಅಂದರೆ ತಿರುಗಿ ನೋಡುತ್ತಿತ್ತು. ಮನೆ ಒಳಗೆ ಬಿಡಕೂಡದು ಅಂತ ಮೊದಲ ದಿನ ಕಾನೂನು ಮಾಡಿದ್ದೂ ಅಪ್ಪನೇ, ರಿಟೈರಾದ ಮೇಲೆ ಬೆಳಿಗ್ಗೆ ಐದೂವರೆಗೆ ಅದನ್ನು ವಾಕಿಂಗ್ ಕರಕೊಂಡು ಹೋಗುತ್ತಿದ್ದವರೂ ಅವರೇ. ಅಮ್ಮ ತೀರಿಕೊಂಡ ಮೇಲಂತೂ ಅವರಿಬ್ಬರೂ ಹಾಲ್‌ನಲ್ಲಿ ಒಂದೇ ಫ್ಯಾನಿನ ಕೆಳಗೆ ಮಲಗುತ್ತಿದ್ದರು. ಕರಿಯ ಹೋದಾಗ ಅಪ್ಪ ಕಾರಿನ ಹಿಂದಿನ ಸೀಟಿನಲ್ಲಿ ಅದನ್ನು ಹಳೇ ಪಂಚೆಯಲ್ಲಿ ಸುತ್ತಿ ಮಲಗಿಸಿಕೊಂಡು ಊರಿಗೆ ಹೋದರು. ತೋಟದ ಬದುವಿನಲ್ಲಿ ಹೂಳಿದರು. ಅಲ್ಲಿಗೆ ಮುಗಿದಿದ್ದರೆ ಯಾರ ತಕರಾರೂ ಇರಲಿಲ್ಲ. ಹನ್ನೊಂದನೇ ದಿನ ಅಪ್ಪ, ಅಲ್ಲೊಂದು ಕಲ್ಲು ನೆಡಿಸ್ತೀನಿ ಅಂದರು.

ಚಿಕ್ಕಪ್ಪ ಒಪ್ಪಲಿಲ್ಲ. ತೋಟ ಇನ್ನೂ ಭಾಗ ಆಗಿಲ್ಲ, ಇಬ್ಬರ ಹೆಸರಿನಲ್ಲೂ ಇದೆ. "ಅಲ್ಲ ಕಣಣ್ಣ, ಅಪ್ಪಂಗೇ ಕಲ್ಲು ನೆಟ್ಟಿಲ್ಲ ನಾವು, ನಾಯಿಗೆ ನೆಡ್ತೀಯಾ? ಊರೋರು ಏನಂದಾರು?" ಅಂದರು. ಅಪ್ಪ ಮಾತಾಡಲಿಲ್ಲ. ಆಗ ನಾನು ಆತಕೂರಿನ ಕಥೆ ತೆಗೆದೆ. ನಮ್ಮೂರಿಂದ ದೂರವೇನಲ್ಲ, ಇದೇ ಸೀಮೆ. ಸಾವಿರ ವರ್ಷದ ಹಿಂದೆ ನಿಮ್ಮ ಥರದ ಒಬ್ಬ ಇಲ್ಲೇ ನಾಯಿಗೆ ಕಲ್ಲು ನೆಟ್ಟು, ಕೆರೆ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟಿದ್ದ ಅಂದೆ. ಅಪ್ಪನ ಮುಖ ಅರಳಿತು. "ನೋಡಪ್ಪ, ನಾನು ಎರಡು ಖಂಡುಗ ಕೇಳ್ತಿಲ್ಲ. ಎರಡು ಅಡಿ ಕೊಡು ಸಾಕು" ಅಂದರು ತಮ್ಮನಿಗೆ.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ ಮಾತು ಇದು: "ಅಣ್ಣ, ಕೆಳಗಿನ ಕೇರಿಯೋರು ಹೆಣ ಹೂಳಕ್ಕೆ ಜಾಗ ಇಲ್ಲ ಅಂತ ಇನ್ನೂ ತಾಲೂಕಾಫೀಸಿಗೆ ಅರ್ಜಿ ಹಾಕ್ತಾನೇ ಅವ್ರೆ. ಮೊನ್ನೆ ಮಳೇಲಿ ಹಳ್ಳದ ದಂಡೇಲಿ ಹೂತ್ರು. ಅವರ ಕಣ್ಣೆದುರಿಗೆ ನಾವು ನಾಯಿಗೆ ಕಲ್ಲು ನೆಟ್ಟು ಕುಂಕುಮ ಇಟ್ರೆ ಹೆಂಗೆ ಕಾಣ್ತದೆ ಹೇಳು."

ಈ ಮಾತಿಗೆ ನನ್ನ ಹತ್ತಿರ ಶಾಸನ ಇರಲಿಲ್ಲ.

ಅಂದಿನಿಂದ ಆತಕೂರಿನ ಕಲ್ಲನ್ನು ನಾನು ಬೇರೆ ಥರ ಓದೋಕೆ ಶುರು ಮಾಡಿದೆ. ಅದರಲ್ಲಿ ಯಾರ ಹೆಸರಿದೆ, ಯಾರದ್ದಿಲ್ಲ? ಕನ್ನರದೇವ ಇದ್ದಾನೆ, ಬೂತುಗ ಇದ್ದಾನೆ, ಮಣಲೆರ ಇದ್ದಾನೆ, ಸೋತ ರಾಜಾದಿತ್ಯ, ಸತ್ತ ರಾಚಮಲ್ಲ ಇಬ್ಬರೂ ಇದ್ದಾರೆ. ಕಾಳಿ ಇದೆ. ತಕ್ಕೋಲಂ ಬಯಲಲ್ಲಿ ಎರಡೂ ಕಡೆ ಸತ್ತ ಕಾಲಾಳುಗಳಲ್ಲಿ ಒಬ್ಬನ ಹೆಸರೂ ಇಲ್ಲ. ಬೆಳತೂರಿನ ಮೊರಡಿಯಲ್ಲಿ ಹಂದಿಯನ್ನು ಹಳುವಿನಿಂದ ಹೊರಗೆಬ್ಬಿಸಿದ ಆಳುಗಳಿದ್ದಿರಲೇಬೇಕು, ಅವರೂ ಇಲ್ಲ. ಕಲ್ಲು ಯಾರನ್ನು ನೆನಪಿಡಬೇಕು ಅನ್ನೋದನ್ನು ಭೂಮಿ ಯಾರ ಕೈಯಲ್ಲಿದೆಯೋ ಅವರೇ ತೀರ್ಮಾನ ಮಾಡ್ತಾರೆ. ಕಾಳಿಗೆ ಎರಡು ಖಂಡುಗ ಸಿಕ್ಕಿದ್ದು ಕಾಳಿ ಶೂರ ಆಗಿದ್ದಕ್ಕೆ ಮಾತ್ರವಲ್ಲ, ಕಾಳಿಯ ಯಜಮಾನನಿಗೆ ಹನ್ನೆರಡು ಹಳ್ಳಿ ಇದ್ದದ್ದಕ್ಕೆ.

ಇನ್ನೊಂದು ಮಾತೂ ಇದೆ. ಕಾಳಿ ಆ ಹಂದಿಯ ಮೇಲೆ ತಾನಾಗಿ ಹೋಗಲಿಲ್ಲ, ಬಿಟ್ಟರು. ಹಾಚಿಕೊನನ್ನು ಕಾಯಿ ಅಂತ ಯಾರೂ ಹೇಳಿರಲಿಲ್ಲ. ಕಾಳಿಗೆ ಹೇಳಿದ್ದರು. ಪ್ರೀತಿಯೂ ಆ ಕೈಯದ್ದೇ, ಹಗ್ಗ ಬಿಚ್ಚಿದ್ದೂ ಆ ಕೈಯೇ. ನಾವು ನಾಯಿಯನ್ನು ಪ್ರೀತಿಸುವ ರೀತಿಯಲ್ಲಿ ಮೊದಲಿಂದಲೂ ಈ ಎರಡೂ ಬೆರೆತೇ ಬಂದಿವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ಅಂತ ದೊಡ್ಡ ವಿಶ್ವಕೋಶವನ್ನೇ ಬರೆದ. ಅದರಲ್ಲಿ ರಾಜರ ವಿನೋದಗಳ ಪಟ್ಟಿಯಲ್ಲಿ ಸಾರಮೇಯ ವಿನೋದ, ಅಂದರೆ ನಾಯಿಗಳ ವಿನೋದ, ಒಂದು ಅಧ್ಯಾಯ. ಯಾವ ಸೀಮೆಯ ನಾಯಿ ಹೇಗಿರುತ್ತೆ, ಬೇಟೆಗೆ ಯಾವುದು ಆಗುತ್ತೆ ಅನ್ನೋ ವಿವರ ಎಲ್ಲ ಇದೆ. ನಮ್ಮ ಮುಧೋಳ ನಾಯಿಯ ಮೈಕಟ್ಟು ನೋಡಿ, ಆ ಉದ್ದ ಕಾಲು, ಬಿಲ್ಲಿನಂತೆ ಬಾಗಿದ ಬೆನ್ನು, ಅದು ಓಡಿಸಿ ಹಿಡಿಯೋಕೆ ಅಂತಲೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಮೈ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪನ್ನೂ ತಂದಿತು.

ಬಳಕೆ ಒಂದೇ ಅಂತ ಹೇಳಿ ಮುಗಿಸಿದರೂ ಅನ್ಯಾಯ. ಜರ್ಮನಿಯ ಬಾನ್ ನಗರದ ಹತ್ತಿರ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಒಂದು ಗೋರಿ ಸಿಕ್ಕಿತು, ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ಎಳೇ ನಾಯಿ. ಆ ನಾಯಿಯ ಹಲ್ಲುಗಳನ್ನು ಇತ್ತೀಚೆಗೆ ಪರೀಕ್ಷಿಸಿದವರು ಅದಕ್ಕೆ ಮರಿಯಾಗಿದ್ದಾಗ ಡಿಸ್ಟೆಂಪರ್ ಕಾಯಿಲೆ ಬಂದಿತ್ತು ಅಂತ ಕಂಡುಕೊಂಡರು. ವಾರಗಟ್ಟಲೆ ಯಾರೋ ಆರೈಕೆ ಮಾಡದೆ ಇದ್ದಿದ್ದರೆ ಅದು ಬದುಕುತ್ತಲೇ ಇರಲಿಲ್ಲ. ಕಾಯಿಲೆ ಮರಿಯಿಂದ ಬೇಟೆಯೂ ಆಗಲ್ಲ, ಕಾವಲೂ ಆಗಲ್ಲ. ಲಾಭ ಇಲ್ಲ ಅಂತ ಗೊತ್ತಿದ್ದೂ ಯಾರೋ ಅದಕ್ಕೆ ನೀರು ಕುಡಿಸಿದ್ದಾರೆ. ನಮ್ಮ ಕಾಶ್ಮೀರದ ಬುರ್ಜಹೋಮ್‌ನಲ್ಲೂ ನವಶಿಲಾಯುಗದ ಜನ ಸತ್ತವರ ಜೊತೆ ನಾಯಿಗಳನ್ನೂ ಹೂಳುತ್ತಿದ್ದರು. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡತ್ತನೂರಿನಲ್ಲಿ ಏಳನೆಯ ಶತಮಾನದ, ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲಿದೆ. ಅದರಲ್ಲಿ ಸತ್ತ ವೀರನ ಪಕ್ಕದಲ್ಲೇ ಅವನ ನಾಯಿ. ಅದರ ಹೆಸರು ಕೋವಿವನ್. ಇಬ್ಬರು ಕಳ್ಳರನ್ನು ಕಚ್ಚಿದ್ದಕ್ಕೆ ಅದರ ಹೆಸರೂ ಕಲ್ಲಿಗೆ ಏರಿತು. ಅಂದರೆ ಕಾಳಿಗಿಂತ ಮುನ್ನೂರು ವರ್ಷ ಮೊದಲೇ ದಕ್ಷಿಣದಲ್ಲಿ ಈ ರೂಢಿ ಇತ್ತು.

ಹೀಗಿದ್ದೂ ನಮ್ಮ ಭಾಷೆಯಲ್ಲಿ ನಾಯಿಯ ಪಾಡು ನಾಯಿಪಾಡೇ. ಬೈಗುಳಕ್ಕೆ ನಾಯಿ, ಸೊಟ್ಟ ಬುದ್ಧಿಗೆ ನಾಯಿಬಾಲ. ಒಂದು ಕಡೆ ಭೈರವನ ವಾಹನ, ಇನ್ನೊಂದು ಕಡೆ ಹೊಸಿಲು ದಾಟಿದರೆ ಮೈಲಿಗೆ. ಮೈಲಾರಲಿಂಗನ ಒಕ್ಕಲಿನ ವಗ್ಗಯ್ಯಗಳು ತಾವೇ ದೇವರ ನಾಯಿಗಳು ಅಂತ ಬೊಗಳಿ, ದೋಣಿಯಲ್ಲಿ ಹಾಕಿದ್ದನ್ನು ನಾಯಿಯಂತೆ ಬಾಯಿ ಹಾಕಿ ತಿಂತಾರೆ, ಅದು ಭಕ್ತಿ. ಮಹಾಭಾರತದ ಕೊನೆಯಲ್ಲಿ ಧರ್ಮರಾಯ, ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲ್ಲ ಅಂತ ಹಟ ಹಿಡೀತಾನೆ. 2022ರಲ್ಲಿ ಬಂದ '777 ಚಾರ್ಲಿ' ಸಿನಿಮಾದ ನಾಯಕನ ಹೆಸರು ಧರ್ಮ, ಅವನು ನಾಯಿ ಜೊತೆ ಹೋಗೋದು ಹಿಮಾಲಯಕ್ಕೆ. ಥಿಯೇಟರಿನಲ್ಲಿ ಕರ್ಚೀಫು ಒದ್ದೆ ಮಾಡಿಕೊಂಡ ನಮಗೆಲ್ಲ ಆ ಹಳೇ ಕಥೆಯ ನೆನಪು ಒಳಗೆಲ್ಲೋ ಇತ್ತು.

ಆದರೆ ಒಂದು ವ್ಯತ್ಯಾಸ ನೋಡಿ. ಮಹಾಭಾರತದಲ್ಲಿ ಕೊನೆಗೆ ಆ ನಾಯಿ ನಾಯಿಯೇ ಅಲ್ಲ, ವೇಷ ಹಾಕಿದ ಯಮಧರ್ಮ. ಪ್ರೀತಿಸಿದ್ದು ನಾಯಿಯನ್ನು, ಸಿಕ್ಕಿದ್ದು ದೇವರು. ಆತಕೂರಿನಲ್ಲಿ ಅಂಥದ್ದೇನೂ ಇಲ್ಲ. ಕಾಳಿ ಯಾವ ದೇವರ ಅವತಾರವೂ ಆಗಲಿಲ್ಲ. ಹಂದಿ ಜೊತೆ ಕಚ್ಚಾಡಿ ಸತ್ತ ನಾಯಿ ನಾಯಿಯಾಗಿಯೇ ಉಳಿಯಿತು, ಪಾಪವನ್ನೂ ಹೊತ್ತುಕೊಂಡು. ಆದರೂ ಅದಕ್ಕೆ ಪೂಜೆ ಆಗಬೇಕು, ಪೂಜಾರಿ ಅದಕ್ಕೆ ಮೊದಲು ಉಣ್ಣಬಾರದು. ಹತ್ತನೆಯ ಶತಮಾನದ ಒಬ್ಬ ದಂಡಿನ ಮನುಷ್ಯನಿಗೆ ಇದು ಹೊಳೆದಿತ್ತಲ್ಲ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ.

ಕಲ್ಲಿನ ಮೇಲಿದ್ದವರಿಗೆ ಆಮೇಲೆ ಏನಾಯಿತು? 967ರಲ್ಲಿ ಕನ್ನರದೇವ ಸತ್ತ. ಐದು ವರ್ಷದಲ್ಲಿ ಮಾಳವದ ಪರಮಾರರು ಮಾನ್ಯಖೇಟವನ್ನು ಸುಲಿದರು, ಮರುವರ್ಷ ರಾಷ್ಟ್ರಕೂಟರ ಆಳ್ವಿಕೆಯೇ ಮುಗಿಯಿತು. 1004ರ ಹೊತ್ತಿಗೆ ಗಂಗರ ತಲಕಾಡು ಚೋಳರ ಕೈ ಸೇರಿತು. ಯಾರ ರಾಜಕುಮಾರನನ್ನು ಕೊಂದೆವು ಅಂತ ಆತಕೂರಿನ ಕಲ್ಲು ಹೇಳಿಕೊಂಡಿತ್ತೋ, ಅದೇ ಚೋಳರು ಐವತ್ತೈದು ವರ್ಷದಲ್ಲಿ ಆ ಸೀಮೆಗೆ ಒಡೆಯರಾದರು. ಬನವಾಸಿ ಹನ್ನೆರಡು ಸಾಸಿರ ಹೋಯಿತು, ಬೆಳ್ವೊಲ ಹೋಯಿತು, ಬಾಳ್ಗಚ್ಚು ಹೋಯಿತು. ಆದರೆ ಕಲ್ಲನ್ನು ಯಾರೂ ಒಡೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿ. ಎಲ್. ರೈಸ್, ಜೆ. ಎಫ್. ಫ್ಲೀಟ್ ಥರದವರು ಅದನ್ನು ಓದಿ ಅಚ್ಚು ಹಾಕಿಸಿದರು. ತಕ್ಕೋಲಂ ಯುದ್ಧದ ಬಗ್ಗೆ ಬರೆಯುವ ಯಾವ ಇತಿಹಾಸಕಾರನೂ ಇವತ್ತು ಈ ಕಲ್ಲನ್ನು ಬಿಟ್ಟು ಮುಂದೆ ಹೋಗೋಕಾಗಲ್ಲ. ಎರಡು ಸಾಮ್ರಾಜ್ಯಗಳ ಯುದ್ಧದ ಸಾಕ್ಷಿ ನಮಗೆ ಉಳಿದಿರೋದು ಒಂದು ನಾಯಿಯ ಸಮಾಧಿಯ ಕೃಪೆಯಿಂದ. ಮಣಲೆರ ಕಲ್ಲು ನಿಲ್ಲಿಸದೆ ಹೋಗಿದ್ದರೆ ಬೂತುಗನ ಸುರಗಿಯ ಕಥೆ ಅರ್ಧ ಮರೆತೇ ಹೋಗುತ್ತಿತ್ತು.

ಅಪ್ಪ, ಚಿಕ್ಕಪ್ಪನ ಜಗಳ ಏನಾಯಿತು ಅಂತ ಕೇಳಬಹುದು. ಕಲ್ಲು ನೆಡಲಿಲ್ಲ. ಅಪ್ಪ ಅಲ್ಲೊಂದು ಹೊಂಗೆ ಸಸಿ ನೆಟ್ಟರು, ಮರಕ್ಕೆ ಯಾರದ್ದೂ ತಕರಾರಿಲ್ಲ. ಕೇರಿಯವರ ಅರ್ಜಿಗೆ ಚಿಕ್ಕಪ್ಪನ ಜೊತೆ ತಾವೂ ತಾಲೂಕಾಫೀಸಿಗೆ ಎರಡು ಸಲ ಹೋಗಿಬಂದರು. ಸರ್ವೆ ಆಗಬೇಕು ಅಂತ ಹೇಳಿದ್ದಾರಂತೆ. ಸರ್ವೆ ಇನ್ನೂ ಆಗಿಲ್ಲ. ನಾಯಿಯ ನೆಪದಲ್ಲಿ ಶುರುವಾದ ಮಾತು ಅಣ್ಣತಮ್ಮಂದಿರನ್ನು ಮನುಷ್ಯರ ಸ್ಮಶಾನದ ತನಕ ಕರಕೊಂಡು ಹೋಯಿತು. ಬೂತುಗ, ರಾಚಮಲ್ಲರ ಕಥೆಗೆ ಹೋಲಿಸಿದರೆ ಇದು ಎಷ್ಟೋ ವಾಸಿ.

ಆತಕೂರಿನ ಆ ಕಲ್ಲು ಈಗ ಆತಕೂರಿನಲ್ಲಿಲ್ಲ. ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ, ಆ ಕೆಂಪು ಕಟ್ಟಡ. ಎರಡು ಖಂಡುಗ ಗದ್ದೆಯ ಉತ್ಪತ್ತಿ ಇಲ್ಲ, ಗೊರವನೂ ಇಲ್ಲ, ಪೂಜೆಯೂ ಇಲ್ಲ. ಶಾಪದ ಲೆಕ್ಕದಲ್ಲಿ ಹೇಳೋದಾದರೆ ಇಡೀ ಬೆಂಗಳೂರೇ ದಿನಾ ಪೂಜಿಸದೆ ಉಣ್ಣುತ್ತಿದೆ.

ಮ್ಯೂಸಿಯಮ್ಮಿನ ಬೆನ್ನಿಗೇ ಕಬ್ಬನ್ ಪಾರ್ಕ್. ಭಾನುವಾರ ಬೆಳಿಗ್ಗೆ ಅಲ್ಲಿ ನಾಯಿಗಳ ಜಾತ್ರೆಯೇ ನೆರೆದಿರುತ್ತೆ. ಹಸ್ಕಿ, ಬೀಗಲ್, ಗೋಲ್ಡನ್ ರಿಟ್ರೀವರ್, ಬೀದಿಯಿಂದ ತಂದು ಸಾಕಿದ ಕಂದು ಬಿಳಿ ನಾಟಿ ನಾಯಿಗಳು. ಅವುಗಳ ಹೆಸರು ಹಿಡಿದು ಕೂಗುವ, ಅವುಗಳ ಹಿಂದೆ ಓಡುವ, ನಿಮ್ಮ ನನ್ನ ಥರದ ಜನ. ಮುಂದಿನ ಭಾನುವಾರ ಹೋದರೆ ವಾಪಸ್ ಬರುವಾಗ ಕಸ್ತೂರಬಾ ರಸ್ತೆ ಕಡೆಯ ಗೇಟಿನಿಂದ ಬನ್ನಿ. ನಾಯಿಯನ್ನು ಒಳಗೆ ಬಿಡಲ್ಲ, ಒಬ್ಬರು ಹೊರಗೆ ಹಿಡಿದುಕೊಂಡು ನಿಲ್ಲಿ, ಇನ್ನೊಬ್ಬರು ಒಳಗೆ ಹೋಗಿ ಆತಕೂರಿನ ಕಲ್ಲು ಎಲ್ಲಿದೆ ಅಂತ ಕೇಳಿ. ಪೂಜೆ ಗೀಜೆ ಏನೂ ಬೇಡ. ಒಂದು ಸಲ ಕಾಳಿ ಅಂತ ಹೆಸರು ಹೇಳಿ, ಆಮೇಲೆ ತಿಂಡಿಗೆ ಹೋಗಿ.